ಹೊಳೆ ಮರಳಿಗೆ ಹಲ್ಲಿನ ಟೈರು

ಬಸ್ ಡಿಪೋದಲ್ಲಿ ಹೊಸದಾಗಿ ಟೈರ್ ಕೆಲಸಕ್ಕೆ ಸೇರಿದವರಿಬ್ಬರು ಮೊನ್ನೆ ನನ್ನ ಹುಡುಕಿಕೊಂಡು ಮನೆಗೆ ಬಂದಿದ್ರು. ಕಾಫಿ ಕುಡಿದು, ಅದೂ ಇದೂ ಮಾತಾಡಿ, ಕಡೆಗೆ ಒಬ್ಬ ಕೇಳಿದ: "ಮರಳಲ್ಲಿ ಓಡೋ ಗಾಡಿಗೆ ಟೈರ್ ಹೆಂಗೆ ಆರಿಸ್ತಿದ್ರಿ ತಾತ?" "ಹೆದರ್ಕೊಂಡು ಆರಿಸ್ತಿದ್ದೆ ಕಣಪ್ಪ" ಅಂದೆ. ಇಬ್ಬರೂ ನಕ್ಕರು. ತಮಾಷೆಗೆ ಹೇಳ್ದೆ ಅಂದ್ಕೊಂಡ್ರು ಪಾಪ. ಅವರು ಹೋದ ಮೇಲೆ ನನಗೆ ಸಿಟ್ಟು ಬಂತು, ಅದಕ್ಕೇ ಇದನ್ನ ಬರೆಯೋಕೆ ಕೂತೆ.

ನನ್ನ ಹೆಸರು ಮುನಿಶಾಮಿ. ವಕ್ಕಲೇರಿ ಕಡೆ ಹಳ್ಳಿಯವನು, ರಾಗಿ ಹೊಲದ ಮನೆತನ. ಕೋಲಾರದಲ್ಲಿ ಶೆಟ್ಟರೊಬ್ಬರು ನಾಲ್ಕಾರು ಬಸ್ಸು ಇಟ್ಟು ಸರ್ವೀಸ್ ನಡೆಸ್ತಿದ್ರು. ಒಂದು ಮಾಲೂರಿಗೆ ಹೋಗಿ ಮಾಸ್ತಿವರೆಗೆ, ಒಂದು ಶ್ರೀನಿವಾಸಪುರಕ್ಕೆ, ಒಂದು ಶ್ರೀನಿವಾಸಪುರ ದಾಟಿ ಯಲ್ದೂರು ಮೇಲೆ ಹಾದು ಮುಳಬಾಗಿಲಿಗೆ. ಈ ಕಡೇ ದಾರಿಗೆ ನಾವು 'ಹೊಳೆ ದಾರಿ' ಅಂತಿದ್ವಿ. ಸೇತುವೆ ಇರಲಿಲ್ಲ. ಹೊಳೆ ಅನ್ನೋದು ಹೆಸರಿಗೆ. ವರ್ಷದಲ್ಲಿ ಬಹುಪಾಲು ಕಣ್ಣು ಹಾಯಿಸಿದಷ್ಟೂ ಮರಳು. ಆ ಮರಳನ್ನ ಅಡ್ಡಕ್ಕೆ ದಾಟಿದರೆ ಮಾತ್ರ ಮುಳಬಾಗಿಲು.

ಶೆಡ್ಡಿನಲ್ಲಿ ಟೈರ್ ಕೆಲಸ ಗಫಾರ್ ಮೇಸ್ತ್ರಿಯದು. ಕುಳ್ಳಗೆ, ಗಟ್ಟಿಮುಟ್ಟು ಆಸಾಮಿ. ಬಾಯಿ ತುಂಬ ಎಲೆ ಅಡಿಕೆ, ಬೈಗುಳವೂ ಅಷ್ಟೇ ತುಂಬ. ನಾನು ಕೆಲಸಕ್ಕೆ ಸೇರಿದ ವಾರದಲ್ಲೇ ನನ್ನ ಹೊಳೆಗೆ ಕರ್ಕೊಂಡು ಹೋದ. ನಡು ಮಧ್ಯಾಹ್ನ, ಮರಳು ಕೆಂಡ ಆಗಿತ್ತು.

"ಚಪ್ಪಲಿ ಬಿಡು" ಅಂದ.

"ಕಾಲು ಸುಡ್ತದೆ ಮೇಸ್ತ್ರಿ."

"ಸುಡ್ಲಿ. ಟೈರಿಗೆ ಯಾರು ಚಪ್ಪಲಿ ಹಾಕ್ತಾರೆ ಬೇಟಾ?"

ಬಿಟ್ಟೆ. ಹಿಮ್ಮಡಿ ಊರಿ ತಿರುಗಿಸು ಅಂದ. ಕಿರ್ ಅಂತ ಸದ್ದು ಬಂದ್ರೆ ಅದು ದಪ್ಪ ಮರಳು, ಗಾಡಿ ಭಾರ ತಡ್ಕೊಳ್ತದೆ. ಸದ್ದಿಲ್ಲದೆ ಹಿಮ್ಮಡಿ ಕೆಳಗೆ ಇಳೀತು ಅಂದ್ರೆ ಹಿಟ್ಟು ಮರಳು, ಅಲ್ಲಿಗೆ ಅಗಲವಾದ ಬೋಳು ಟೈರು, ಅರ್ಧ ಗಾಳಿ. ಹಲ್ಲು ದಪ್ಪಗಿರೋ ಹೊಸ ಟೈರು ನೋಡೋಕೆ ಚೆಂದ, ಕೆರೆ ಏರಿ ಪಕ್ಕದ ಕೆಮ್ಮಣ್ಣು ಕೆಸರಿಗೆ ಅದು ಬೇಕೇ ಬೇಕು. ಮರಳಿಗೆ ಹಾಕಿದೆಯೋ, ಹೆಗ್ಗಣದ ಥರ ತೋಡ್ಕೊಂಡು ಒಳಗೆ ಹೋಗ್ತದೆ. ಇದಿಷ್ಟು ಹೇಳಿ ಎಲೆ ಅಡಿಕೆ ಉಗಿದು ಇನ್ನೊಂದು ಮಾತು ಹೇಳಿದ. "ಹಿಮ್ಮಡಿ ಊರಿದಾಗ ಅಡಿಯಲ್ಲಿ ಮರಳು ನಡುಗಿದ ಹಂಗೆ ಆದ್ರೆ, ತಣ್ಣಗೆ ಆದ್ರೆ, ಅಲ್ಲಿಗೆ ಬೋಳೂ ಬೇಡ, ಹಲ್ಲೂ ಬೇಡ. ಅಡಿಯಲ್ಲಿ ನೀರು ನಡೀತಾ ಇದೆ ಅಂತ ಅರ್ಥ. ವಾಪಸ್ ಓಡಿ ಬಾ."

ನಡುಗೋ ಮರಳು ಹೆಂಗಿರ್ತದೆ ಅಂತ ಕೇಳಿದೆ. ನೋಡ್ದಾಗ ಗೊತ್ತಾಗ್ತದೆ ಅಂದ. ಆ ಮಾತು ನನ್ನ ತಲೆಯೊಳಗೆ ಕೂತುಬಿಡ್ತು. ಆಮೇಲೆ ಎಷ್ಟೋ ವರ್ಷ, ಮಳೆಗಾಲ ಇರಲಿ ಬೇಸಿಗೆ ಇರಲಿ, ಹೊಳೆಗೆ ಕಾಲಿಟ್ಟ ಕೂಡಲೇ ಮೊದಲು ಹಿಮ್ಮಡಿಯೇ ಕಿವಿಗೊಡ್ತಿತ್ತು.

ನಮ್ಮ ಶೆಡ್ಡಿನಲ್ಲಿ ಒಂದು ಪದ್ಧತಿ ಇತ್ತು. ಎಲ್ಲಿಯೂ ಬರೆದಿಟ್ಟಿದ್ದಲ್ಲ, ಗಫಾರ್ ಮೇಸ್ತ್ರಿ ತಂದಿದ್ದು. ಹೊಳೆ ದಾರಿ ಬಸ್ಸಿಗೆ ಟೈರ್ ಬದಲಾಯಿಸಿದರೆ, ಟೈರ್ ಹಾಕಿದವನೇ ಮೊದಲ ಟ್ರಿಪ್ಪಿಗೆ ಹತ್ತಬೇಕು. ಹತ್ತಿ ಹಿಂದಿನ ಸೀಟಿನಲ್ಲಿ, ಚಕ್ರದ ಮೇಲಕ್ಕೇ ಬರೋ ಜಾಗದಲ್ಲಿ ಕೂರಬೇಕು. "ನೀನು ಹಾಕಿದ್ದು ನಿನ್ನ ಕುಂಡಿ ಕೆಳಗೆ ಇರ್ಲಿ, ಆಗ ನಟ್ಟು ಸರಿಯಾಗಿ ಬಿಗೀತೀಯ" ಅಂತಿದ್ದ. ನಿಜವೇ. ಹೊಳೆ ದಾರಿ ಬಸ್ಸಿನ ನಟ್ಟು ಬಿಗಿದು ಬಂದು, ಎರಡು ಹೆಜ್ಜೆ ಹೋಗಿ, ವಾಪಸ್ ಬಂದು ಮತ್ತೆ ಬಿಗೀತಿದ್ದೆ. ಮಾಸ್ತಿ ಬಸ್ಸಿಗೆ ಹಂಗೆ ಮಾಡಿದ್ದು ನೆನಪಿಲ್ಲ.

ಆ ದಾರಿಯ ಡ್ರೈವರು ಬೇರೆ ಯಾರೂ ಅಲ್ಲ, ನಮ್ಮ ಭಾವ ವೆಂಕಟಪ್ಪ, ನಮ್ಮಕ್ಕ ಯಲ್ಲಮ್ಮನ ಗಂಡ. ನನಗೆ ಶೆಡ್ಡಿನಲ್ಲಿ ಕೆಲಸ ಕೊಡಿಸಿದವರೂ ಅವರೇ. ಎತ್ತರದ ಆಳು, ಮೀಸೆ ತಿರುವೋ ಚಟ, ಗಾಡಿ ಓಡಿಸುವಾಗ ತೆಲುಗಿನಲ್ಲಿ ಎಂಜಿನ್ ಜೊತೆ ಮಾತಾಡೋದು ಅಭ್ಯಾಸ. "ಪದ ತಲ್ಲೀ, ಪದ" ಅಂತ ಮುದ್ದು ಮಾಡೋರು, ಅಮ್ಮನನ್ನ ಮುಂದೆ ನಡೆ ಅನ್ನೋ ಹಂಗೆ. ಹೆದರಿಕೆ ಅನ್ನೋದು ಅವರಿಗೆ ಗೊತ್ತೇ ಇರಲಿಲ್ಲ. ಅವರ ಪಾಲಿನದೂ ಸೇರಿ ನಾನು ಹೆದರ್ತಿದ್ದೆ ಅಂತ ಕಾಣ್ತದೆ.

ಹೊಳೆ ದಾಟೋ ಕ್ರಮ ಹೀಗಿತ್ತು. ಈಚೆ ದಡದಲ್ಲಿ ಬಸ್ಸು ನಿಲ್ಲಿಸಿ ಹಿಂದಿನ ಚಕ್ರದ ಗಾಳಿ ಅರ್ಧ ಇಳಿಸೋದು. ಮುದುಕರು, ಬಸುರಿಯರು, ಮಕ್ಕಳೊಂದಿಗರು ಒಳಗೆ ಕೂರೋದು, ಮಿಕ್ಕವರು ಇಳಿದು ಬಸ್ಸಿನ ಹಿಂದೆ ನಡೆಯೋದು. ಕಂಡಕ್ಟರು ಈಚಲು ಚಾಪೆ ಎರಡು ಹೆಗಲಿಗೆ ಹಾಕ್ಕೊಂಡು ಮುಂದೆ ಹೋಗೋನು. ಮರಳು ಸಡಿಲ ಇದ್ದ ಕಡೆ ಚಕ್ರದ ಮುಂದೆ ಹಾಸೋನು. ಆಚೆ ದಡ ಹತ್ತಿದ ಮೇಲೆ ಪಂಪು ತೆಗೆದು ಗಾಳಿ ತುಂಬೋದು. ಅದಕ್ಕೆ ಜನ ಬೈಯೋರು. ಒಂದು ಸಲ ಸಂತೆಗೆ ಹೊತ್ತಾಯ್ತು ಅಂತ ಜನ ಗಲಾಟೆ ಮಾಡಿದ್ದಕ್ಕೆ, ಭಾವನ ಬದಲಿಗೆ ಬಂದಿದ್ದ ಡ್ರೈವರು ಗಾಳಿ ತುಂಬದೆ ಹಂಗೇ ಕಲ್ಲು ರಸ್ತೆ ಮೇಲೆ ಓಡಿಸ್ಕೊಂಡು ಹೋದ. ಟ್ಯೂಬು ರಿಮ್ಮಿನೊಳಗೆ ತಿರುಚ್ಕೊಂಡು ವಾಲ್ವೇ ಕಿತ್ತುಬಂತು. ಕಡೆಗೆ ಸಂತೆಗೆ ಹೋಗಬೇಕಾದವರೇ ಬಸ್ಸನ್ನ ಮುಳಬಾಗಿಲವರೆಗೆ ತಳ್ಳಿದ್ರು. ಈಗ ನೆನೆಸ್ಕೊಂಡ್ರೆ ನಗು ಬರ್ತದೆ.

ನಗು ಬರದೇ ಇರೋದು ಇನ್ನೊಂದಿದೆ. ಬೇಸಿಗೆಯಲ್ಲಿ ಸುತ್ತಲ ಹಳ್ಳಿ ಹೆಂಗಸರು ಕುಡಿಯೋ ನೀರಿಗೆ ಹೊಳೆಯಲ್ಲಿ ಒರತೆ ತೋಡ್ತಿದ್ರು. ಮರಳಲ್ಲಿ ಆಳುದ್ದ ಗುಂಡಿ. ತಳದಲ್ಲಿ ನೀರು ಊರ್ತಿತ್ತು, ಸೋರೆ ಬುರುಡೆಯಲ್ಲಿ ಮೊಗೆದು ಕೊಡಕ್ಕೆ ತುಂಬೋರು. ಒಂದು ಒರತೆ ಬತ್ತಿದರೆ ಪಕ್ಕದಲ್ಲಿ ಇನ್ನೊಂದು. ಹಳೇದನ್ನ ಹಂಗೇ ಬಿಡ್ತಿರಲಿಲ್ಲ. ದನಕರು ಬಿದ್ದು ಕಾಲು ಮುರ್ಕೊಂಡಾವು ಅಂತ ಮರಳು ಎಳೆದು ಮುಚ್ಚಿ, ಮೇಲೆ ಕೈಯಾಡಿಸಿ ಮಟ್ಟ ಮಾಡಿ ಹೋಗೋರು. ಒಳ್ಳೇ ಮನಸ್ಸಿನಿಂದ ಮಾಡ್ತಿದ್ದ ಕೆಲಸ. ನಮಗೆ ಅದೇ ಕುತ್ತು. ಮುಚ್ಚಿದ ಒರತೆಗೂ ಮಿಕ್ಕ ಮರಳಿಗೂ ಮೇಲೆ ನೋಡಿದ್ರೆ ಏನೇನೂ ವ್ಯತ್ಯಾಸ ಇಲ್ಲ.

ನಾನು ಬೋಳು ಟೈರು ಹಾಕಿ ಮೊದಲ ಟ್ರಿಪ್ಪಿಗೆ ಹತ್ತಿದ್ದ ಒಂದು ದಿನ, ಎಡಗಡೆ ಹಿಂದಿನ ಚಕ್ರ ಅಂಥ ಒಂದು ಒರತೆ ಮೇಲೆ ಹೋಯ್ತು. ಸದ್ದೇ ಇಲ್ಲ. ನನ್ನ ಕೆಳಗಿನ ಸೀಟು ಮೆಲ್ಲಗೆ ಇಳೀತಾ ಹೋಯ್ತು, ಎದುರಿಗೆ ಕೂತಿದ್ದ ಬಸುರಿ ಹೆಂಗಸು ಮೆಲ್ಲಗೆ ಮೇಲಕ್ಕೆ ಹೋದಳು. ಅವಳು ನನ್ನನ್ನೇ ನೋಡ್ತಿದ್ದಳು, ನಾನು ಅವಳನ್ನೇ ನೋಡ್ತಿದ್ದೆ. ಬಸ್ಸಿನ ಮೇಲಿದ್ದ ತರಕಾರಿ ಮಂಕರಿಗಳು ಒಂದೊಂದೇ ಜಾರಿ ಕೆಳಗೆ ಬಿದ್ದವು. ಬಸ್ಸು ಇನ್ನೇನು ಮಗುಚ್ತದೆ ಅನ್ನುವಾಗ ನಿಂತ್ಕೊಳ್ತು. ಭಾವ ಸ್ಟೇರಿಂಗು ಹಿಡ್ಕೊಂಡೇ ಹಿಂದೆ ತಿರುಗಿ, "ಏನ್ಲಾ ಮುನಿಯಾ, ಉಸಿರಾಡ್ತಾ ಇದೀಯಾ?" ಅಂದ್ರು. ನಾನು ಉಸಿರಾಡ್ತಾ ಇರಲಿಲ್ಲ.

ಆವತ್ತು ಸಂಜೆ ಅಕ್ಕನ ಮನೆಗೆ ಊಟಕ್ಕೆ ಹೋದೆ. ಭಾವ ಅದನ್ನೇ ಕಥೆ ಮಾಡಿ, ನನ್ನ ಮುಖ ಹೆಂಗಿತ್ತು ಅಂತ ಅಣಕಿಸಿ ತೋರಿಸಿ ಮಕ್ಕಳನ್ನ ನಗಿಸ್ತಿದ್ರು. ಅಕ್ಕ ನಗಲಿಲ್ಲ. ನಾನು ಹೊರಡುವಾಗ ಬಾಗಿಲವರೆಗೆ ಬಂದು ಮೆಲ್ಲಗೆ ಹೇಳಿದಳು: "ನೋಡು ಮುನಿ, ಗಾಡಿ ಅವರು ಓಡಿಸ್ತಾರೆ, ಚಕ್ರ ಹಾಕೋನು ನೀನು. ಅವರಿಗೆ ಹೆದರಿಕೆ ಇಲ್ಲ ಕಣೋ, ಅದೇ ನನ್ನ ಹೆದರಿಕೆ. ನೀನು ಏನಾದ್ರೂ ಮಾಡ್ಕೋ, ನಮ್ಮನೆಯವರು ಸಾಯಂಕಾಲ ಮನೆಗೆ ಬರಬೇಕು. ಅಷ್ಟೇ ನಾನು ಕೇಳೋದು."

ಆಗಲಿ ಅಕ್ಕ ಅಂದೆ. ಅಷ್ಟು ಹೇಳಿದ್ದೇ ನನಗೆ ಶಿಕ್ಷೆ ಆಯ್ತು. ಅಲ್ಲಿಂದಾಚೆ ಹೊಳೆ ದಾರಿ ಬಸ್ಸು ಸಂಜೆ ಶೆಡ್ಡಿಗೆ ಬರೋವರೆಗೆ ನನಗೆ ಅನ್ನ ಇಳೀತಿರಲಿಲ್ಲ. ಅದರ ಹಾರನ್ ಸದ್ದು ಕೇಳಿದ ಮೇಲೇ ಊಟಕ್ಕೆ ಕೈ ತೊಳ್ಕೊಳ್ತಿದ್ದೆ. ಶೆಡ್ಡಿನವರೆಲ್ಲ ನನ್ನ ಆಡ್ಕೊಂಡು ನಗೋರು. ಗಫಾರ್ ಮೇಸ್ತ್ರಿ ಮಾತ್ರ ನಗಲಿಲ್ಲ. "ಹೆದರೋನಿಗೇ ಈ ಕೆಲಸ ಕೊಡ್ಬೇಕು" ಅಂತ ಶೆಟ್ಟರ ಹತ್ತಿರ ಹೇಳಿದ್ನಂತೆ. ಕಣ್ಣು ಮಂಜಾಗಿ ಅವನು ಕೆಲಸ ಬಿಟ್ಟು ಮಾಲೂರಿನ ಮಗಳ ಮನೆಗೆ ಹೋದಾಗ ನನ್ನನ್ನೇ ಆ ಜಾಗಕ್ಕೆ ಹಾಕಿದ್ರು. ಹೋಗುವಾಗ ತನ್ನ ಚಾಕು ನನಗೆ ಕೊಟ್ಟ. ಪ್ಯಾಚ್ ಹಾಕೋಕೆ ರಬ್ಬರ್ ಕೊಯ್ಯೋ ಚಾಕು, ಚಿಕ್ಕದು, ಬಾಗಿದ್ದು; ಸಾಣೆ ಹಿಡಿದೂ ಹಿಡಿದೂ ಅಲಗು ಸಣ್ಣಗಾಗಿತ್ತು.

ಆಮೇಲೆ ಯುದ್ಧ ಬಂತು. ಯುದ್ಧ ನಡೀತಿದ್ದದ್ದು ಎಲ್ಲೋ, ಟೈರು ಮಾಯ ಆಗಿದ್ದು ಕೋಲಾರದಲ್ಲಿ. ಪೆಟ್ರೋಲು ಇಲ್ಲ ಅಂತ ಬಸ್ಸಿನ ಹಿಂದೆ ಇದ್ದಲು ಒಲೆ ಕಟ್ಟಿಸಿ ಅದರ ಗ್ಯಾಸಿನಲ್ಲಿ ಓಡಿಸಿದ್ರು. ಹೊಗೆ ಕುಡಿದು ಕುಡಿದು ಕಂಡಕ್ಟರು ಕೆಮ್ಮಿದರೆ ಕರೀ ಕಫ ಬರ್ತಿತ್ತು. ಇದ್ದಲಿಗಾದ್ರೂ ಮರ ಇತ್ತು, ರಬ್ಬರಿಗೆ ಏನು ಮಾಡೋದು? ಹರಿದ ಟೈರಿನ ಒಳಗೆ ಇನ್ನೊಂದು ಹಳೇ ಟೈರಿನ ತುಂಡು ಇಟ್ಟು ಹೊಲಿದಿದ್ದೀವಿ. ಒಂದು ಬಸ್ಸಿನ ಟೈರು ಬಿಚ್ಚಿ ಇನ್ನೊಂದಕ್ಕೆ ಹಾಕಿ, ಇವತ್ತು ಈ ಬಸ್ಸು ನಾಳೆ ಆ ಬಸ್ಸು ಅಂತ ಓಡಿಸಿದ್ದೀವಿ. ಬಿಚ್ಚಿಟ್ಟ ಟೈರಿಗೆ ಶೆಟ್ಟರು ಸರಪಳಿ ಹಾಕಿ ಬೀಗ ಹಾಕ್ತಿದ್ರು.

ಆಗಲೇ ಶೆಟ್ಟರು ಒಂದು ಮಾತು ಜಾರಿಗೆ ತಂದ್ರು. ಟೈರು ಕೆಡಿಸ್ಕೊಂಡು ಬಂದ ಡ್ರೈವರು ಮನೆಯಲ್ಲಿ ಕೂರಬೇಕು, ಟೈರು ಸಿಕ್ಕಿದ ಮೇಲೇ ಕೆಲಸ. ಟೈರು ಯಾವಾಗ ಸಿಗ್ತದೋ ದೇವರಿಗೇ ಗೊತ್ತು. ಮಾಸ್ತಿ ಕಡೆಯ ಡ್ರೈವರೊಬ್ಬ ಹಂಗೆ ಕೂತವನು ಕಡೆಗೆ ಬೇರೆಯವರ ಹೊಲಕ್ಕೆ ಕೂಲಿಗೆ ಹೋದ. ಅದನ್ನ ನೋಡಿದ ಮೇಲೆ ಭಾವನಿಗೂ ಮೊದಲ ಸಲ ಹೆದರಿಕೆ ಹುಟ್ಟಿತು. ಆದ್ರೆ ಅದು ಹೊಳೆಯ ಹೆದರಿಕೆ ಆಗಿರಲಿಲ್ಲ, ಟೈರಿನದು. ಬಸ್ಸು ಇಳಿದ ಕೂಡಲೇ ಮೊದಲು ಹೋಗಿ ಟೈರು ಸವರಿ ನೋಡೋರು. ಆ ಹೆದರಿಕೆ ನನಗೆ ಹಿಡಿಸಲಿಲ್ಲ.

ಇನ್ನು ಆ ದಿನದ್ದು ಹೇಳ್ತೀನಿ.

ಮಾವಿನ ಕಾಲ. ಯಲ್ದೂರಿನಲ್ಲಿ ಕಾಯಿ ಬಿಡಿಸಿ ಮಂಕರಿಗಳಿಗೆ ತುಂಬಿ ಮುಳಬಾಗಿಲಿಗೆ ಕಳಿಸೋಕೆ ಕಾಯ್ತಿದ್ರು. ಹೊಳೆ ದಾರಿ ಬಸ್ಸಿನ ಬೋಳು ಟೈರು ಎರಡೂ ಹಿಂದಿನ ದಿನ ಸಿಡಿದಿದ್ದವು. ಶೆಟ್ಟರು ಎಲ್ಲಿಂದಲೋ ಮಿಲಿಟರಿ ಲಾರಿಯಿಂದ ಬಿಚ್ಚಿದ ಜೊತೆ ಟೈರು ತರಿಸಿದ್ರು. ಹೊಸದು ಅಂದ್ರೆ ಹೊಸದು. ಹಲ್ಲುಗಳು ನನ್ನ ಹೆಬ್ಬೆರಳಿನಷ್ಟು ದಪ್ಪ. ಇಡೀ ಶೆಡ್ಡು ಬಂದು ಮುಟ್ಟಿ ಮುಟ್ಟಿ ನೋಡ್ತು.

"ಸಾಹುಕಾರ್ರೇ, ಇದು ಮರಳಿಗೆ ಆಗಲ್ಲ" ಅಂದೆ. "ಇದನ್ನ ಮಾಲೂರು ಬಸ್ಸಿಗೆ ಹಾಕೋಣ. ಅದರ ಬೋಳು ಟೈರು ಹೊಳೆ ದಾರಿಗೆ ಕೊಡಿ."

"ಮಾಲೂರು ಬಸ್ಸು ಮಾಸ್ತಿಯಲ್ಲಿ ನಿಂತದೆ, ನಾಳೆ ಬರೋದು. ಅಲ್ಲೀವರೆಗೆ ಮಾವು ಕಾಯ್ತದೇನಯ್ಯಾ? ಒಂದು ಟ್ರಿಪ್ಪು ಹೊಡೀಲಿ, ನಾಳೆ ಬದಲಾಯಿಸು" ಅಂದ್ರು. ಕೆಟ್ಟ ಮನುಷ್ಯ ಅಲ್ಲ. ಅವರ ಜಾಗದಲ್ಲಿ ನಾನಿದ್ದರೂ ಬಹುಶಃ ಅದನ್ನೇ ಹೇಳ್ತಿದ್ದೆ.

ಭಾವ ಹಲ್ಲು ಸವರಿ ನೋಡಿ ಸಂತೋಷಪಟ್ಟರು. "ಗಾಳಿ ಇನ್ನೂ ಸ್ವಲ್ಪ ಇಳಿಸಿದ್ರಾಯ್ತು ಬಿಡೋ ಮುನಿಯಾ, ದಾಟಿಸ್ತೀನಿ." ಪದ್ಧತಿ ಪ್ರಕಾರ ನಾನೂ ಹತ್ತಿದೆ, ಚಕ್ರದ ಮೇಲೆ ಕೂತೆ. ಚಾಕು ಸೊಂಟದಲ್ಲಿತ್ತು.

ಹೊಳೆ ದಡಕ್ಕೆ ಬಂದಾಗ ಸುಡು ಬಿಸಿಲು. ಮೇಲುಗಡೆ, ಹೊಳೆ ಹುಟ್ಟಿ ಬರೋ ಗುಡ್ಡದ ಕಡೆ, ಆಕಾಶ ಕಪ್ಪಾಗಿತ್ತು. ಆ ಕಾಲದಲ್ಲಿ ಹಂಗೆ ಕಪ್ಪಾಗೋದು ಮಾಮೂಲು, ನಾಲ್ಕು ಹನಿ ಉದುರಿಸಿ ಹೋಗ್ತದೆ. ನಾನು ಚಪ್ಪಲಿ ಬಿಟ್ಟು ಇಳಿದು ಹಿಮ್ಮಡಿ ಊರಿ ನೋಡಿದೆ. ಕಿರ್ ಅಂತು. ಒಣಗಿ ಕಾದ ಮರಳು, ದಡದ ಹತ್ತಿರ ಎಲ್ಲಿ ಊರಿದರೂ ಅದೇ. ಹೋಗಬಹುದು ಅಂದೆ. ಗಾಳಿ ಇಳಿಸಿದ್ವಿ. ಜನ ಇಳಿದು ನಡೆದ್ರು. ಮಂಡಿ ನೋವಿನ ಮುದುಕಿಯೊಬ್ಬಳು ಮಾತ್ರ ಒಳಗೆ ಕೂತಿದ್ದಳು. ಬಸ್ಸಿನ ಮೇಲೆ ಮಾವಿನ ಮಂಕರಿಗಳು.

ಅರ್ಧ ಹೊಳೆವರೆಗೆ ಚೆನ್ನಾಗೇ ಹೋಯ್ತು. ಅಲ್ಲಿ ಹಿಟ್ಟು ಮರಳು ಸಿಕ್ತು. ಹಲ್ಲು ಒಂದು ಸಲ ಕಚ್ಚಿತು, ಇನ್ನೊಂದು ಸಲ ಕಚ್ಚಿತು, ಆಮೇಲೆ ಚಕ್ರ ಇದ್ದಲ್ಲೇ ಗಿರಗಿರ ತಿರುಗೋಕೆ ಶುರು ಆಯ್ತು. ಮರಳು ಹಿಂದಕ್ಕೆ ಬುರ್ರನೆ ಹಾರಿ ನಡೀತಿದ್ದವರ ಮುಖಕ್ಕೆ ಹೊಡೀತು. "ಪದ ತಲ್ಲೀ" ಅಂದ್ರು ಭಾವ. ತಲ್ಲಿ ಕೆಳಗೆ ಹೋದಳು. ಕಂಡಕ್ಟರು ಚಾಪೆ ಹಾಸಿದ. ಹಲ್ಲು ಅದನ್ನ ಎಳ್ಕೊಂಡು ಅಗಿದು ಚೂರು ಚೂರು ಮಾಡಿ ಹಿಂದಕ್ಕೆ ಉಗೀತು. ಎರಡನೇ ಚಾಪೆಗೂ ಅದೇ ಗತಿ. ಹಿಂದಿನ ಆಕ್ಸಲ್ಲು ಮರಳಿಗೆ ಕೂತುಬಿಡ್ತು. ಎಲ್ಲರೂ ಸೇರಿ ಕೈಯಲ್ಲೇ ಮರಳು ತೋಡೋಕೆ ಕೂತ್ವಿ. ತೋಡಿದಷ್ಟೂ ಪಕ್ಕದ ಮರಳು ಒಳಗೆ ಹರಿದು ಬಂತು.

ಆಗ ಕೇಳಿಸ್ತು ತಮಟೆ.

ದೂರದಲ್ಲಿ, ಮೇಲುಗಡೆ ಹಳ್ಳಿಯಲ್ಲಿ. ಒಂದು ನಿಲ್ಲೋ ಮೊದಲು ಅದಕ್ಕಿಂತ ಹತ್ತಿರದ ಹಳ್ಳಿಯಲ್ಲಿ ಇನ್ನೊಂದು ಶುರು ಆಯ್ತು. ಕುಣಿತದ ತಮಟೆ ಥರ ಇರಲಿಲ್ಲ, ಸಾವಿನದೂ ಅಲ್ಲ. ಬಿಡುವೇ ಇಲ್ಲದೆ ಒಂದೇ ಸಮ ಬಡೀತಿದ್ರು. ಬಸ್ಸಿನೊಳಗಿದ್ದ ಮುದುಕಿ ಕಿಟಕಿಯಿಂದ ತಲೆ ಹೊರಗೆ ಹಾಕಿ, ಕೇಳಿಸ್ಕೊಂಡು, ತಣ್ಣಗೆ ಹೇಳಿದಳು: "ಕಟ್ಟ ತೆಗಿಂದಿ ನಾಯ್ನಾ."

ಕೆರೆ ಕಟ್ಟೆ ಒಡೆದಿದೆ ಅಂತ. ಗುಡ್ಡದಲ್ಲಿ ಮಳೆ ಹುಯ್ದು ಮೇಲಿನ ಕೆರೆ ಕಟ್ಟೆ ಒಡೆದರೆ, ಕೆಳಗಿನವರಿಗೆ ಗೊತ್ತಾಗಲಿ ಅಂತ ಹಳ್ಳಿಯಿಂದ ಹಳ್ಳಿಗೆ ಹಂಗೆ ತಮಟೆ ಸುದ್ದಿ ಕಳಿಸ್ತಿದ್ರು. ಅಲ್ಲಿದ್ದವರಿಗೆ ವಿವರಿಸೋದು ಬೇಕಾಗಿರಲಿಲ್ಲ. ಗಂಟುಮೂಟೆ ಬಿಸಾಕಿ ಆಚೆ ದಡಕ್ಕೆ ಓಡಿದ್ರು. ಕಂಡಕ್ಟರು ಮುದುಕಿಯನ್ನ ಬೆನ್ನ ಮೇಲೆ ಹೊತ್ಕೊಂಡ.

ನಾನೂ ಓಡೋಕೆ ಹೊರಟು ತಿರುಗಿ ನೋಡಿದೆ. ಭಾವ ಇಲ್ಲ. ಬಸ್ಸಿನ ಹಿಂದೆ ಬಂದು ನೋಡಿದರೆ ಎರಡು ಕಾಲು ಮಾತ್ರ ಕಾಣ್ತಿದ್ದವು. ಅಂಗಾತ ಮಲಗಿ ಆಕ್ಸಲ್ಲಿನ ಕೆಳಗೆ ಹಲಗೆ ಇಟ್ಟು ಜಾಕಿ ಕೂರಿಸ್ತಿದ್ದರು.

"ಭಾವ, ಏನ್ ಮಾಡ್ತಾ ಇದೀರಿ? ಬನ್ನಿ!"

"ಸ್ಪ್ಯಾನರ್ ಕೊಡೋ. ಟೈರ್ ಬಿಚ್ತೀನಿ."

"ಕಟ್ಟೆ ಒಡೆದದೆ ಭಾವ."

"ಕೇಳಿಸ್ತು. ಬಸ್ಸು ಹೋದ್ರೆ ಶೆಟ್ಟರದು ಕಣೋ, ಟೈರು ಹೋದ್ರೆ ನನ್ನದು. ಎರಡು ಚಕ್ರ ಉರುಳಿಸ್ಕೊಂಡು ದಡಕ್ಕೆ ಹೋಗೋಕೆ ಎಷ್ಟು ಹೊತ್ತು? ಕೊಡು ಅಂದ್ರೆ."

ಜಾಕಿ ಎತ್ತಿದಷ್ಟೂ ಹಲಗೆ ಮರಳಿಗೆ ಇಳೀತಿತ್ತು. ಅವರು ಮತ್ತೆ ಮರಳು ತೋಡಿ ಮತ್ತೆ ಕೂರಿಸ್ತಿದ್ರು. ನಾನು ಕಾಲು ಹಿಡಿದು ಎಳೆದೆ, ಒದ್ದರು. ಅಕ್ಕನ ಹೆಸರು ಹೇಳಿದೆ, ಮಕ್ಕಳ ಹೆಸರು ಹೇಳಿದೆ. "ಆ ಮಕ್ಕಳಿಗೋಸ್ಕರಾನೇ ಕಣೋ" ಅಂದ್ರು ಒಳಗಿನಿಂದ. ಅವರ ದನಿಯಲ್ಲಿ ಅಳು ಇತ್ತು. ಭಾವನ ದನಿಯಲ್ಲಿ ಅದನ್ನ ನಾನು ಯಾವತ್ತೂ ಕೇಳಿರಲಿಲ್ಲ. ಅವರ ಕಾಲು ಬಿಟ್ಟು ಎದ್ದು ನಿಂತೆ.

ಹಂಗೆ ನಿಂತಿದ್ದಾಗ ನನ್ನ ಹಿಮ್ಮಡಿ ಅಡಿಯಲ್ಲಿ ಮರಳು ನಡುಗಿತು.

ಇಷ್ಟು ಹೊತ್ತು ಸುಡ್ತಿದ್ದ ಮರಳು ತಣ್ಣಗಾಗಿತ್ತು. ಮೇಲೆ ಒಣಗೇ ಇತ್ತು. ಅಡಿಯಲ್ಲಿ ಯಾರೋ ಮಲಗಿದ್ದೋರು ಮಗ್ಗುಲು ಬದಲಾಯಿಸಿದ ಹಾಗಾಯ್ತು. ಗಫಾರ್ ಮೇಸ್ತ್ರಿ ಹೇಳಿದ್ದು ಇದೇ ಅಂತ ಕೇಳದೆಯೇ ಗೊತ್ತಾಯ್ತು. ಮೇಲುಗಡೆ ತಿರುವಿನಲ್ಲಿ ಒಂದು ಕಂದು ಗೆರೆ ಕಾಣಿಸ್ತು, ನೊರೆ, ಕಸ ಕಡ್ಡಿ ತಳ್ಕೊಂಡು ಮೆಲ್ಲಗೆ ಬರ್ತಿತ್ತು. ಅದರ ಹಿಂದೆ ಬರೋದರ ಸದ್ದು ಆಗಲೇ ಕೇಳಿಸ್ತಿತ್ತು, ರಾಗಿ ಕಲ್ಲು ಬೀಸೋ ಥರ.

ನಾನು ಚಾಕು ತೆಗೆದೆ.

ಟೈರಿನ ಪಕ್ಕ, ಹಲ್ಲಿಲ್ಲದ ಕಡೆ, ರಬ್ಬರು ತೆಳ್ಳಗಿರ್ತದೆ. ಅಲ್ಲಿ ಚುಚ್ಚಿ, ಎರಡು ಕೈಯಲ್ಲೂ ಹಿಡಿದು, ಅಡ್ಡಕ್ಕೆ ಎಳೆದೆ. ಒಳಗಿನ ದಾರ ಪಟಪಟ ಅಂತ ಹರೀತು. ಟ್ಯೂಬಿನಲ್ಲಿ ಉಳಿದಿದ್ದ ಗಾಳಿ ಬುಸ್ ಅಂತು. ಆಚೆ ಕಡೆಗೆ ಓಡಿ ಇನ್ನೊಂದನ್ನೂ ಕೊಯ್ದೆ, ಅದನ್ನ ಎರಡು ಕಡೆ. ಇಡೀ ಸೀಮೆಯಲ್ಲಿ ಸಿಗದೇ ಇದ್ದ ಟೈರು. ಟೈರಿಗೆ ಪ್ಯಾಚ್ ಹಾಕೋದನ್ನೇ ಕಲಿತಿದ್ದ ಕೈಗಳು ನನ್ನವು. ಅವೇ ಕೊಯ್ದವು.

ಬುಸ್ ಅನ್ನೋ ಸದ್ದು ಭಾವನಿಗೆ ಕೇಳಿಸ್ತು. ಹಾವು ಹೊರಗೆ ಬಂದಷ್ಟು ಬೇಗ ಬಸ್ಸಿನ ಅಡಿಯಿಂದ ಹೊರಗೆ ಬಂದ್ರು. ಟೈರು ನೋಡಿದ್ರು, ನನ್ನ ಕೈಯಲ್ಲಿನ ಚಾಕು ನೋಡಿದ್ರು. ಅವರ ಮುಖ ನೋಡಿ ನನಗೆ ನೀರಿಗಿಂತ ಹೆಚ್ಚು ಹೆದರಿಕೆ ಆಯ್ತು.

"ಚಂಪೇಸ್ತಾನ್ರಾ ನಿನ್ನು" ಅಂದ್ರು. ಕೊಲ್ತೀನಿ ಅಂತ. ಕೈಗೆ ಸಿಕ್ಕ ಸ್ಪ್ಯಾನರ್ ಎತ್ಕೊಂಡು ನನ್ನ ಮೇಲೆ ಬಿದ್ದರು.

ನಾನು ಓಡಿದೆ. ಆಚೆ ದಡದ ಕಡೆಗೇ ಓಡಿದೆ, ಎಷ್ಟು ಬೇಕೋ ಅಷ್ಟೇ ಮುಂದೆ. ಅವರು ಅಟ್ಟಿಸ್ಕೊಂಡು ಬಂದ್ರು. ನನ್ನ ತಾಯಿಯನ್ನ ಬೈದರು, ನನಗೆ ಕೆಲಸ ಕೊಡಿಸಿದ ದಿನವನ್ನ ಬೈದರು. ಕಾಲು ಮರಳಲ್ಲಿ ಮಂಡಿವರೆಗೆ ಇಳೀತಿತ್ತು. ಎಲ್ಲಿ ನಿಂತುಬಿಡ್ತಾರೋ, ಎಲ್ಲಿ ಬಸ್ಸಿಗೆ ವಾಪಸ್ ಹೋಗ್ತಾರೋ ಅಂತ ಓಡ್ತಾ ಓಡ್ತಾನೇ ನಾನೂ ಬೈದೆ. "ನಿಮ್ಮ ಟೈರು ನನ್ನ ಕಾಲಿಗೆ ಸಮ" ಅಂತ ಕಿರುಚಿದೆ. ಹಿರಿಯರಿಗೆ ಹಂಗೆ ಅಂದಿದ್ದು ಅದೇ ಮೊದಲು, ಅದೇ ಕೊನೆ.

ದಡದ ಹೊಂಗೆ ಮರದ ಬುಡದಲ್ಲಿ ಅವರ ಕೈಗೆ ಸಿಕ್ಕಿಬಿದ್ದೆ. ಒಂದು ಏಟು ಬಿತ್ತು, ಹೆಗಲಿಗೆ. ಎರಡನೇದಕ್ಕೆ ಕೈ ಎತ್ತಿದವರು ಹಂಗೇ ನಿಂತರು. ಜನ ಎಲ್ಲ ಹೊಳೆ ಕಡೆ ನೋಡ್ತಿದ್ರು. ನೀರು ಬಂದು ಬಸ್ಸಿನ ಕಿಟಕಿಗೆ ಹೊಡೀತು. ಮಾವಿನ ಮಂಕರಿಗಳು ಒಂದೊಂದೇ ಮೇಲಿಂದ ಎದ್ದು ತೇಲ್ತಾ ಹೋದವು. ಭಾವ ಸ್ಪ್ಯಾನರ್ ಕೆಳಗೆ ಹಾಕಿ ಕುಕ್ಕರಗಾಲಲ್ಲಿ ಕೂತ್ಕೊಂಡ್ರು.

ಮಾರನೇ ದಿನ ನೀರು ಇಳೀತು. ಬಸ್ಸು ಇದ್ದ ಜಾಗದಲ್ಲೇ ಇತ್ತು! ಹಲ್ಲಿನ ಟೈರು ಅಷ್ಟು ಆಳಕ್ಕೆ ತೋಡ್ಕೊಂಡು ಕೂತಿದ್ದರಿಂದ ಹೊಳೆಗೂ ಅದನ್ನ ಕೀಳೋಕೆ ಆಗಲಿಲ್ಲ. ಶೆಟ್ಟರು ಬಂದು ಆಳುಗಳ ಕೈಲಿ ಮರಳು ತೆಗೆಸಿದ್ರು. ಭಾವ ಮಲಗಿದ್ದ ಜಾಗ ಕೆಸರು, ಮರಳು, ಮುಳ್ಳುಕಂಟಿ ತುಂಬಿ ಕಲ್ಲಾಗಿತ್ತು; ಹಾರೆ ಹಾಕಿ ಜಾಕಿ ಕೀಳಬೇಕಾಯ್ತು. ನಾನು ಅದನ್ನೇ ನೋಡ್ತಾ ನಿಂತೆ. ಮಿಕ್ಕವರೆಲ್ಲ ನೋಡಿದ್ದು ಟೈರನ್ನ.

ಶೆಟ್ಟರು ಬೆರಳಿಟ್ಟು ನೋಡಿ, "ನೀರು ಇಷ್ಟು ನೀಟಾಗಿ ಕೊಯ್ಯಲ್ಲ" ಅಂದ್ರು.

"ನಾನು ಕೊಯ್ದೆ" ಅಂದೆ.

ಅವರು ಬೈಯಲಿಲ್ಲ. ಬಸ್ಸು ಉಳೀತು, ನೀನು ಕೊಯ್ದ ಟೈರು ಮಾತ್ರ ಹೋಯ್ತಲ್ಲಯ್ಯಾ ಅಂದ್ರು. ಹೌದು, ಕೊಯ್ಯದೇ ಇದ್ದಿದ್ರೆ ಟೈರು ಎರಡೂ ಉಳೀತಿದ್ದವು. ನಾಳೆಯಿಂದ ಬರಬೇಡ ಅಂದ್ರು. ಭಾವನಿಗೂ ಟೈರು ಸಿಗೋವರೆಗೆ ಮನೆ.

ನಾನು ಊರಿಗೆ ಹೋಗಿ ಅಪ್ಪನ ಜೊತೆ ಹೊಲ ಮಾಡಿದೆ. ಭಾವ ರೇಷ್ಮೆ ಹುಳು ಸಾಕೋರ ತೋಟಕ್ಕೆ ಹಿಪ್ಪುನೇರಳೆ ಸೊಪ್ಪು ಹೊರೋಕೆ ಹೋದ್ರು. ಸ್ಟೇರಿಂಗು ಹಿಡಿದ ಕೈ. ನನ್ನ ಜೊತೆ ಮಾತು ಬಿಟ್ಟರು. ಹಬ್ಬಕ್ಕೆ ಹೋದರೆ ನಾನು ಕೂತ ಜಗಲಿಯಿಂದ ಎದ್ದು ಹೋಗೋರು. ಆ ಮಳೆಗಾಲದಲ್ಲಿ ಅಕ್ಕ ಒಂದು ಸಲ ಒಬ್ಬಳೇ ಊರಿಗೆ ಬಂದಿದ್ದಳು. ಅವಳ ಮುಖ ನೋಡೋಕೆ ನನಗೆ ಧೈರ್ಯ ಸಾಲಲಿಲ್ಲ.

"ಭಾವ ಹೆಂಗಿದ್ದಾರೆ?" ಅಂದೆ.

"ದಿನಾ ನಿನ್ನ ಬೈತಾರೆ" ಅಂದಳು. "ಬೆಳಿಗ್ಗೆ ಎದ್ರೆ ಬೈತಾರೆ, ಉಣ್ಣೋಕೆ ಕೂತ್ರೆ ಬೈತಾರೆ. ನಾನು ಮುದ್ದೆ ಬಡಿಸ್ತಾ ಕೇಳ್ಕೊಂಡು ಇರ್ತೀನಿ. ಬೈಯೋಕೆ ಅಂತ ಮನೆಗೆ ಬರ್ತಾರಲ್ಲ ಮುನಿ, ನನಗೆ ಅಷ್ಟು ಸಾಕು ಕಣೋ."

ಇಷ್ಟು ಹೇಳಿ ನನ್ನ ಕೈ ಹಿಡ್ಕೊಂಡು ಅತ್ತಳು. ನಾನೂ ಅತ್ತೆ.

ಯುದ್ಧ ಮುಗಿದ ಮೇಲೆ ಟೈರು ಅಲ್ಪಸ್ವಲ್ಪ ಬರೋಕೆ ಶುರು ಆಯ್ತು. ಶೆಟ್ಟರು ನನಗೆ ಹೇಳಿ ಕಳಿಸಿದ್ರು. ಕೋಪ ಇಳಿದಿತ್ತೋ, ಬೇರೆ ಜನ ಸಿಗಲಿಲ್ಲವೋ, ನಾನು ಕೇಳಲಿಲ್ಲ. ಹೋದೆ. ಹೊಸ ಟೈರು ಮಾಲೂರು ಬಸ್ಸಿಗೆ ಹಾಕಿ, ಅದರ ಬೋಳು ಟೈರು ಬಿಚ್ಚಿ, ಹೊಳೆ ದಾರಿ ಬಸ್ಸಿಗೆ ಹಾಕಿದೆ. ನಟ್ಟು ಬಿಗಿದು, ಎರಡು ಹೆಜ್ಜೆ ಹೋಗಿ, ವಾಪಸ್ ಬಂದು ಮತ್ತೆ ಬಿಗಿದೆ. ನನ್ನ ಪಕ್ಕ ಯಾರದೋ ನೆರಳು ಬಿತ್ತು. ಭಾವ. ಖಾಕಿ ಅಂಗಿ ಒಗೆದು ಹಾಕ್ಕೊಂಡು ಬಂದಿದ್ರು, ಮೀಸೆ ಬೆಳ್ಳಗಾಗ್ತಿತ್ತು. ಟೈರು ಸವರಿ ನೋಡಲಿಲ್ಲ. ನೇರ ಹೋಗಿ ಸೀಟಿನಲ್ಲಿ ಕೂತ್ರು.

ಜನ ಹತ್ತಿದ್ರು. ಕಂಡಕ್ಟರು ರೈಟ್ ಅಂದ. ಬಸ್ಸು ಹೊರಡಲಿಲ್ಲ. ಕಂಡಕ್ಟರು ಮತ್ತೆ ರೈಟ್ ಅಂದ. ಭಾವ ಕನ್ನಡಿಯಲ್ಲಿ ನೋಡ್ತಾ, ಯಾರಿಗೋ ಹೇಳೋ ಹಂಗೆ, "ಟೈರ್ ಹಾಕಿದವನು ಹತ್ಲಿ" ಅಂದ್ರು.

ಆ ಹೊಳೆಗೆ ಮತ್ತೆ ಹೋಗಬೇಕಲ್ಲ ಅನ್ನೋ ಹೆದರಿಕೆ ಒಂದು ಕಡೆ, ಆ ಮನುಷ್ಯನ ಬೆನ್ನ ಹಿಂದೆ ಕೂರಬೇಕಲ್ಲ ಅನ್ನೋ ಹೆದರಿಕೆ ಇನ್ನೊಂದು ಕಡೆ. ಹತ್ತಿದೆ. ಚಕ್ರದ ಮೇಲಿನ ಸೀಟಿನಲ್ಲಿ ಕೂತೆ.

ಭಾವ ತಿರುಗಿ ನೋಡಿದ್ರು. ಅಷ್ಟು ದಿನಗಳ ಮೇಲೆ ನನ್ನ ಜೊತೆ ಆಡಿದ ಮೊದಲ ಮಾತು.

"ಚಾಕು ತಂದಿದೀಯೇನ್ಲಾ?"

"ತಂದಿದೀನಿ ಭಾವ."

"ಹಂಗಾದ್ರೆ ಸರಿ" ಅಂದು ಗೇರ್ ಹಾಕಿದ್ರು.